ಬೇಸ್ ಕೇಳಿ, ಕಾಲ ಹೇಳಿ: ಬರೋಕ್ ಮತ್ತು ಕ್ಲಾಸಿಕಲ್ ಸಂಗೀತವನ್ನು ಕಿವಿಯಲ್ಲೇ ಬೇರ್ಪಡಿಸುವ ಬಗೆ

ಮೊದಲು ಹೆಸರಿನ ಗೊಂದಲ ಮುಗಿಸೋಣ. ‘ವೆಸ್ಟರ್ನ್ ಕ್ಲಾಸಿಕಲ್’ ಅನ್ನುವಾಗ ನಾವು ಪಿಟೀಲು, ಪಿಯಾನೊ, ದೊಡ್ಡ ಆರ್ಕೆಸ್ಟ್ರಾ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುತ್ತೇವೆ. ಆ ಅರ್ಥದಲ್ಲಿ ಬರೋಕ್ ಕೂಡ ಕ್ಲಾಸಿಕಲ್ಲೇ. ಆದರೆ ‘ಕ್ಲಾಸಿಕಲ್ ಯುಗ’ ಎಂದರೆ ಸುಮಾರು 1750ರಿಂದ 1820ರವರೆಗಿನ ಒಂದು ತುಂಡು ಕಾಲ ಮಾತ್ರ: ಹೈಡನ್, ಮೊಜಾರ್ಟ್, ಮತ್ತು ಬೀಥೋವನ್‌ನ ಬಹುಪಾಲು. ಅದಕ್ಕೂ ಹಿಂದಿನ ಒಂದೂವರೆ ಶತಮಾನ, 1600ರಿಂದ 1750ರವರೆಗೆ, ಬರೋಕ್: ವಿವಾಲ್ಡಿ, ಹ್ಯಾಂಡೆಲ್, ಬಾಖ್. ನಡುವಿನ 1750 ಬಾಖ್ ತೀರಿಕೊಂಡ ವರ್ಷ. ಗುರುತಿಗೆ ಎಳೆದ ಗೆರೆ ಅದು. ಬೆಳಗಾಗುವಷ್ಟರಲ್ಲಿ ಯಾರೂ ಶೈಲಿ ಬದಲಿಸಲಿಲ್ಲ. ನಮ್ಮ ಲೆಕ್ಕಕ್ಕೆ ಹೇಳುವುದಾದರೆ, ತ್ಯಾಗರಾಜರು ಹುಟ್ಟಿದ 1767ರಲ್ಲಿ ಮೊಜಾರ್ಟ್ 11 ವರ್ಷದ ಹುಡುಗ, ಬಾಖ್ ಹೋಗಿ 17 ವರ್ಷವಾಗಿತ್ತು.

ಇವೆರಡನ್ನು ಬೇರ್ಪಡಿಸಲು ಸಾಮಾನ್ಯವಾಗಿ ಹೇಳಿಕೊಡುವ ಸೂತ್ರ ಒಂದಿದೆ: ಹಾರ್ಪ್ಸಿಕಾರ್ಡ್ (ಪಿಯಾನೊಗಿಂತ ಹಳೆಯ, ತಂತಿ ಮೀಟುವ ಕೀಲಿವಾದ್ಯ) ಕೇಳಿಸಿದರೆ ಬರೋಕ್, ಪಿಯಾನೊ ಕೇಳಿಸಿದರೆ ಕ್ಲಾಸಿಕಲ್. ಇದು ಕೈಕೊಡುವ ಸೂತ್ರ. ಬಾಖ್‌ನ ಕೀಲಿವಾದ್ಯದ ಕೃತಿಗಳನ್ನು ಇಂದು ಬಹಳಷ್ಟು ಜನ ಪಿಯಾನೊದಲ್ಲೇ ನುಡಿಸುತ್ತಾರೆ. ಬ್ರಿಟನ್ನಿನ ಎಬಿಆರ್‌ಎಸ್‌ಎಂ ಸಂಸ್ಥೆ ನಡೆಸುವ ಸಂಗೀತದ ಗ್ರೇಡ್ ಪರೀಕ್ಷೆಯ ಆರಲ್ ಭಾಗದಲ್ಲಂತೂ, ಅಂದರೆ ಕೇಳಿ ಉತ್ತರಿಸುವ ಭಾಗದಲ್ಲಿ, ‘ಇದು ಯಾವ ಕಾಲದ್ದು’ ಎಂದು ಕೇಳುವ ಪರೀಕ್ಷಕರು ಎಲ್ಲವನ್ನೂ ಒಂದೇ ಪಿಯಾನೊದಲ್ಲಿ ನುಡಿಸಿ ತೋರಿಸುತ್ತಾರೆ. ಅಲ್ಲಿ ವಾದ್ಯದ ಸುಳಿವು ಸೊನ್ನೆ. ಹಾಗಾಗಿ ಇಲ್ಲಿ ಕ್ರಮ ತಿರುಗಿಸಿದ್ದೇವೆ. ಮೊದಲು ಬೇಸ್, ಅಂದರೆ ಎಲ್ಲಕ್ಕಿಂತ ಕೆಳಗಿನ ದನಿ. ಆಮೇಲೆ ವಾಕ್ಯ, ಭಾವ, ಜೋರು-ಮೆದು. ವಾದ್ಯ ಕಟ್ಟಕಡೆಗೆ.

ಕೂರುವ ಮುನ್ನ

ಫೋನಿನ ಸ್ಪೀಕರ್‌ನಲ್ಲಿ ಈ ಅಭ್ಯಾಸ ಮಾಡಬೇಡಿ. ದೊಡ್ಡ ಪಿಟೀಲಿನಂಥ ಕೆಳದನಿಯ ವಾದ್ಯ ಚೆಲ್ಲೋದ ಅತಿ ಕೆಳಗಿನ ತಂತಿ ಮಿಡಿಯುವುದು ಸೆಕೆಂಡಿಗೆ ಸುಮಾರು 65 ಸಲ. ಫೋನಿನ ಪುಟ್ಟ ಸ್ಪೀಕರ್‌ಗೆ ಆ ದನಿಯನ್ನು ಸರಿಯಾಗಿ ಹೊರಡಿಸಲು ಆಗುವುದೇ ಇಲ್ಲ. ಎಲ್ಲದಕ್ಕೂ ಮುಖ್ಯವಾದ ಸುಳಿವು ಇರುವುದೇ ಅಲ್ಲಿ. ಕಿವಿ ಮುಚ್ಚುವ ಹೆಡ್‌ಫೋನ್ ಇದ್ದರೆ ಒಳ್ಳೆಯದು, ಸಾಮಾನ್ಯ ಇಯರ್‌ಫೋನ್ ಆದರೂ ಸಾಕು.

ಕೃತಿಗಳನ್ನು ಹುಡುಕುವಾಗ ಹೆಸರಿನ ಜೊತೆ ಪಟ್ಟಿಯ ಸಂಖ್ಯೆಯನ್ನೂ ಹಾಕಿ. ಬಾಖ್‌ಗೆ ಬಿಡಬ್ಲ್ಯುವಿ ಸಂಖ್ಯೆ, ಮೊಜಾರ್ಟ್‌ಗೆ ಕೆ ಸಂಖ್ಯೆ. ಬರೀ ‘ಬಾಖ್ ಇನ್ವೆನ್ಷನ್’ ಎಂದು ಹುಡುಕಿದರೆ ಗಿಟಾರ್, ಜಾಝ್, ಮಲಗಿಸುವ ಸಂಗೀತ ಎಲ್ಲವೂ ಬಂದು ಬೀಳುತ್ತವೆ.

ಇನ್ನೊಂದು ಎಚ್ಚರ. ನೀವು ಸ್ವರಜ್ಞಾನ ಇರುವವರಾದರೆ, ತಂಬೂರಿ ಆ್ಯಪ್ ಇಟ್ಟುಕೊಂಡು ಸ್ವರ ಹಿಡಿಯಲು ಹೋಗುತ್ತೀರಿ. ಆಗ ಕೆಲವು ಧ್ವನಿಮುದ್ರಿಕೆಗಳು ಶ್ರುತಿಗೆ ಕೂರುವುದಿಲ್ಲ. ಹಳೆಯ ಮಾದರಿಯ ವಾದ್ಯಗಳಲ್ಲಿ ಬರೋಕ್ ನುಡಿಸುವವರು ಎ ಸ್ವರವನ್ನು ಸಾಮಾನ್ಯವಾಗಿ ಸೆಕೆಂಡಿಗೆ 415 ಮಿಡಿತಕ್ಕೆ ಇಟ್ಟುಕೊಳ್ಳುತ್ತಾರೆ, ಇಂದಿನ ರೂಢಿ 440. ವ್ಯತ್ಯಾಸ ಹೆಚ್ಚುಕಡಿಮೆ ಅರ್ಧ ಸ್ವರ. ಸಿ ಮೇಜರ್, ಅಂದರೆ ಸಿ ಸ್ವರವೇ ಷಡ್ಜ, ಎಂದು ಬರೆದಿದ್ದರೂ ನಿಮ್ಮ ಕಿವಿಗೆ ಬಿ ಕೇಳಿಸುತ್ತದೆ. ಮೊದಮೊದಲು ಇಂದಿನ ಪಿಯಾನೊದ ಮುದ್ರಿಕೆಯನ್ನೇ ಆರಿಸಿಕೊಳ್ಳಿ.

ಬೇಸ್ ಹಿಡಿಯುವ ಮೊದಲ ಪಾಠ

ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿಗೆ ಒಂದು ಅಭ್ಯಾಸ ಇರುತ್ತದೆ: ಮೇಲಿನ ಹಾಡನ್ನು ಹಿಡಿಯುವುದು, ಕೆಳಗಿನದನ್ನು ಶ್ರುತಿ ಎಂದು ಬಿಟ್ಟುಬಿಡುವುದು. ಇಲ್ಲಿ ಅದನ್ನು ಮುರಿಯಬೇಕು. ಪಾಶ್ಚಾತ್ಯ ಸಂಗೀತದ ಬೇಸ್ ತಂಬೂರಿಯಲ್ಲ, ಅದು ಚಲಿಸುತ್ತದೆ.

ಇದಕ್ಕೆ ಪಾಕೆಲ್ಬೆಲ್‌ನ ಕ್ಯಾನನ್‌ಗಿಂತ ಒಳ್ಳೆಯ ಪಾಠ ಇಲ್ಲ. ಮದುವೆ ವಿಡಿಯೊಗಳಲ್ಲಿ ಕೇಳಿ ಕೇಳಿ ಸಾಕಾಗಿರಬಹುದು, ಆದರೂ ಒಮ್ಮೆ ಮೇಲಿನ ಮೂರು ಪಿಟೀಲುಗಳನ್ನು ಬದಿಗಿಟ್ಟು ಕೆಳಗಿನ ಚೆಲ್ಲೋ ಒಂದನ್ನೇ ಹಿಡಿಯಿರಿ. ಎಂಟೇ ಸ್ವರ. ಡಿಯನ್ನು ಷಡ್ಜ ಎಂದುಕೊಂಡರೆ: ಸ ಪ ದ ಗ ಮ ಸ ಮ ಪ. ಇಷ್ಟನ್ನೇ ಇಡೀ ಕೃತಿಯಲ್ಲಿ 28 ಸಲ ನುಡಿಸುತ್ತಾರೆ. ಮೇಲೆ ಏನೇ ನಡೆಯಲಿ, ನೀವು ಈ ಎಂಟು ಸ್ವರಗಳನ್ನು ಬಾಯಲ್ಲಿ ಗುನುಗುತ್ತಾ ಕೊನೆಯವರೆಗೆ ತಪ್ಪದೆ ಹೋಗಬೇಕು. ನಡುವೆ ಮೇಲಿನ ಪಿಟೀಲು ಚುರುಕಾದಾಗ ಗಮನ ಅತ್ತ ಜಾರುತ್ತದೆ. ಜಾರಿದ ಕೂಡಲೇ ಮೊದಲಿಂದ. ಎರಡು ಮೂರು ದಿನ ಹಿಡಿಯಬಹುದು.

ಅದು ಕೈಗೆ ಬಂದಮೇಲೆ ಬಾಖ್‌ನ 3ನೇ ಆರ್ಕೆಸ್ಟ್ರಾ ಸ್ವೀಟ್‌ನ ಏರ್, ಬಿಡಬ್ಲ್ಯುವಿ 1068. ಮೇಲೆ ಪಿಟೀಲು ತನ್ನ ಮೊದಲ ಸ್ವರವನ್ನು ಒಂದು ಬಾರ್‌ಗೂ (ನಮ್ಮ ತಾಳದ ಆವರ್ತದಂಥ ಅಳತೆ) ಮೀರಿ ಎಳೆದು ನಿಂತಿರುತ್ತದೆ. ಆಗ ಚಲಿಸುತ್ತಿರುವುದು ಬೇಸ್: ಒಂದೊಂದು ಸ್ವರವನ್ನೂ ಎರಡು ಸ್ಥಾಯಿಯಲ್ಲಿ ತಟ್ಟುತ್ತಾ ಸ, ನಿ, ದ, ಪ ಎಂದು ಮೆಟ್ಟಿಲಿಳಿಯುತ್ತದೆ. ಸಂಜೆ ವಾಕಿಂಗ್ ಹೋದವರ ಹೆಜ್ಜೆಯ ಹಾಗೆ, ಏರಿಲ್ಲ, ಇಳಿತವಿಲ್ಲ, ನಿಲ್ಲುವುದೂ ಇಲ್ಲ. ಬರೋಕ್ ಬೇಸ್ ಎಂದರೆ ಇದು. ಈ ನಡಿಗೆ ಒಮ್ಮೆ ಕಿವಿಗೆ ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

ಒಂದೇ ಶ್ರುತಿಯ ಎರಡು ಪಾಠಗಳು

ಈಗ ಹೋಲಿಕೆ. ಎರಡು ಕೃತಿಗಳು, ಎರಡೂ ಸಿ ಮೇಜರ್, ಎರಡೂ ಎರಡು ಕೈಗೆ, ಎರಡೂ ಕಲಿಯುವವರಿಗಾಗಿ ಬರೆದವು. ಬಾಖ್‌ನ 1ನೇ ಇನ್ವೆನ್ಷನ್ (ಎರಡು ದನಿಗಳ ಪುಟ್ಟ ಕೀಲಿವಾದ್ಯ ಕೃತಿ), ಬಿಡಬ್ಲ್ಯುವಿ 772, ಅವನು 1723ರಲ್ಲಿ ಶುದ್ಧಪ್ರತಿ ಮಾಡಿದ್ದು. ಮೊಜಾರ್ಟ್‌ನ ಸೊನಾಟಾ ಕೆ 545, 1788ರದ್ದು. ತನ್ನ ಪಟ್ಟಿಯಲ್ಲಿ ಅವನೇ ‘ಆರಂಭಿಕರಿಗೆ’ ಎಂದು ಬರೆದುಕೊಂಡಿದ್ದಾನೆ. ನಡುವೆ 65 ವರ್ಷ.

ಬಾಖ್‌ನ ಬಲಗೈ ಹೀಗೆ ಶುರುವಾಗುತ್ತದೆ: ಸ ರಿ ಗ ಮ ರಿ ಗ ಸ, ಪ. ಅರ್ಧ ಬಾರ್ ಕಳೆಯುವಷ್ಟರಲ್ಲಿ ಎಡಗೈ ಕೆಳಸ್ಥಾಯಿಯಲ್ಲಿ ಅದೇ ಮಾತನ್ನು ಹೇಳುತ್ತದೆ: ಸ ರಿ ಗ ಮ ರಿ ಗ ಸ. ಎರಡನೇ ಬಾರ್‌ನಲ್ಲಿ ಬಲಗೈ ಅದನ್ನೇ ಪಂಚಮದಿಂದ ಎತ್ತುತ್ತದೆ: ಪ ದ ನಿ ಸ ದ ನಿ ಪ, ರಿ. ಎಡಗೈ ಮತ್ತೆ ಹಿಂಬಾಲಿಸುತ್ತದೆ. ಒಟ್ಟು 22 ಬಾರ್. ಕೊನೆಯ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲು, ಬರುವವರೆಗೆ ಒಂದಲ್ಲ ಒಂದು ಕೈಯಲ್ಲಿ ಆ ಸಣ್ಣ ಸ್ವರಗಳ ಓಟ ಇದ್ದೇ ಇರುತ್ತದೆ.

ಮೊಜಾರ್ಟ್‌ನ ಎಡಗೈ ಹೀಗಿದೆ: ಸ ಪ ಗ ಪ, ಸ ಪ ಗ ಪ. ಮುಂದಿನ ಬಾರ್‌ನಲ್ಲಿ ರಿ ಪ ಮ ಪ, ಮತ್ತೆ ಸ ಪ ಗ ಪ. ಒಂದು ಕಾರ್ಡನ್ನು ಒಡೆದು, ಬಿಡಿ ಸ್ವರಗಳಾಗಿ ತೂಗಾಡಿಸುವುದು ಇದು. ಹೆಸರು ಆಲ್ಬರ್ಟಿ ಬೇಸ್. ಇದನ್ನು ಹೆಚ್ಚಾಗಿ ಬಳಸಿದ ಡೊಮೆನಿಕೊ ಆಲ್ಬರ್ಟಿಯಿಂದ ಬಂದದ್ದು. ಅದರ ಮೇಲೆ ಬಲಗೈ ನಿಧಾನವಾಗಿ ಹಾಡುತ್ತದೆ: ಸಾ, ಗ, ಪ, ನೀ, ಸರಿಸ. ಆಮೇಲೆ ಒಂದು ಎಣಿಕೆ ಮೌನ. ಮತ್ತೆ ದಾ, ಪ, ಮೇಲಿನ ಸ. ಪ, ಮ, ಗ. ಮತ್ತೆ ಮೌನ.

ಈಗ ಪರೀಕ್ಷೆ. ಎರಡೂ ಕೃತಿಗಳ ಎಡಗೈ ಮಾತ್ರ ಹಾಡಿ ನೋಡಿ. ಬಾಖ್‌ನದ್ದು ತಾನೇ ಒಂದು ಹಾಡು. ಬಲಗೈ ಇಲ್ಲದಿದ್ದರೂ ಅರ್ಥವಾಗುತ್ತದೆ. ಮೊಜಾರ್ಟ್‌ನ ಎಡಗೈ ಹತ್ತು ಸೆಕೆಂಡಿಗೆ ಬೇಸರ ಬರುತ್ತದೆ, ಯಾಕೆಂದರೆ ಅದು ಹಾಡಲು ಬಂದದ್ದಲ್ಲ, ಮೇಲೆ ಹಾಡುವವರಿಗೆ ತೊಟ್ಟಿಲು ತೂಗಲು ಬಂದದ್ದು. ಬರೋಕ್‌ನಲ್ಲಿ ಮೇಲಿನ ದನಿ, ಕೆಳಗಿನ ದನಿ ಇಬ್ಬರೂ ಮಾತಾಡುತ್ತಾರೆ. ಕ್ಲಾಸಿಕಲ್‌ನಲ್ಲಿ ಒಬ್ಬರು ಮಾತಾಡುತ್ತಾರೆ, ಉಳಿದವರು ಹೂಂಗುಟ್ಟುತ್ತಾರೆ. ಗುರುತು ಹಿಡಿಯಲು ಇಷ್ಟು ಒರಟು ಭೇದ ಸಾಕು.

ಯಾಕೆ ಹೀಗೆ ಬದಲಾಯಿತು ಎಂಬುದನ್ನು ತಿಳಿದುಕೊಂಡರೆ ಕೇಳುವುದು ಸುಲಭ. ಬರೋಕ್ ಗುಂಪಿನ ಬೆನ್ನೆಲುಬು ಬಾಸೋ ಕಂಟಿನ್ಯುವೋ. ಚೆಲ್ಲೋ ಅಥವಾ ಬಸೂನ್ ಬೇಸ್ ಸಾಲನ್ನು ನುಡಿಸುತ್ತದೆ. ಹಾರ್ಪ್ಸಿಕಾರ್ಡ್, ಆರ್ಗನ್ ಅಥವಾ ಉದ್ದ ಕತ್ತಿನ ಥಿಯೋರ್ಬೋ ನುಡಿಸುವವರು ಅದೇ ಸಾಲನ್ನು ನೋಡಿ ಮೇಲೆ ಕಾರ್ಡ್ ತುಂಬುತ್ತಾರೆ. ಅವರಿಗೆ ಬರೆದುಕೊಟ್ಟಿರುವುದು ಬೇಸ್ ಸ್ವರ, ಅದರ ಕೆಳಗೆ ಅಂಕಿಗಳು. 6 ಎಂದಿದ್ದರೆ ಬೇಸ್‌ನಿಂದ ಎಣಿಸಿ ಮೂರನೆಯ ಮತ್ತು ಆರನೆಯ ಸ್ವರ ಸೇರಿಸು ಎಂದರ್ಥ. ಹೇಗೆ ಸೇರಿಸಬೇಕು, ಎಷ್ಟು ಅಲಂಕರಿಸಬೇಕು ಎಂಬುದು ನುಡಿಸುವವರ ಮನೋಧರ್ಮ. ಹೀಗೆ ಎಲ್ಲವೂ ಬೇಸ್‌ನ ಮೇಲೆ ನಿಂತಿರುವುದರಿಂದ ಬೇಸ್ ಸುಮ್ಮನಿರುವಂತಿಲ್ಲ, ಹೆಜ್ಜೆಹೆಜ್ಜೆಗೂ ಕಾರ್ಡ್ ಬದಲಾಗುತ್ತಿರುತ್ತದೆ.

ಕ್ಲಾಸಿಕಲ್ ಯುಗದಲ್ಲಿ ಕಾರ್ಡ್ ತುಂಬುವ ಕೆಲಸ ಬೇರೆಯವರಿಗೆ ಹೋಯಿತು. ಎರಡನೇ ಪಿಟೀಲು, ವಯೋಲಾಗಳು ನಡುವೆ ಮಿಡಿಯುತ್ತವೆ, ಓಬೋ ಮತ್ತು ಹಾರ್ನ್‌ಗಳು ಉದ್ದ ಸ್ವರ ಹಿಡಿದು ನಿಲ್ಲುತ್ತವೆ. ಹಾರ್ಪ್ಸಿಕಾರ್ಡ್‌ಗೆ ಆರ್ಕೆಸ್ಟ್ರಾದಲ್ಲಿ ಕೆಲಸ ಉಳಿಯಲಿಲ್ಲ, ಬೇಸ್‌ಗೆ ಓಡಾಟ ತಪ್ಪಿತು. ಒಂದೇ ಸ್ವರವನ್ನು ಟಕ್ ಟಕ್ ಎಂದು ಎಂಟು ಸಲ ಹೊಡೆಯುವ ಬೇಸ್ ಕೇಳಿಸಿದರೆ ಬಹುಮಟ್ಟಿಗೆ ನೀವು 1750ರ ಈಚೆ ಇದ್ದೀರಿ.

ವಾಕ್ಯ ಎಲ್ಲಿ ಮುಗಿಯಿತು?

ಎರಡನೇ ಸುಳಿವು ಉಸಿರು. ನೊಟ್ಟುಸ್ವರ ಕಲಿತವರಿಗೆ ಇದು ಹೊಸದೇನಲ್ಲ. ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕಟ್ಟಿದ ಆ ಪುಟ್ಟ ರಚನೆಗಳಲ್ಲಿ ‘ಶ್ಯಾಮಲೇ ಮೀನಾಕ್ಷಿ’ಯದ್ದು ‘ಟ್ವಿಂಕಲ್ ಟ್ವಿಂಕಲ್’ ಧಾಟಿ: ಸಸ ಪಪ ದದ ಪಾ, ಮಮ ಗಗ ರಿರಿ ಸಾ. ಅದೇ ಧಾಟಿಗೆ ಮೊಜಾರ್ಟ್ 12 ವೇರಿಯೇಷನ್ ಬರೆದಿದ್ದಾನೆ, ಕೆ 265. ಮೊದಲರ್ಧ ಪ್ರಶ್ನೆ, ಎರಡನೆಯದು ಉತ್ತರ. ಪ್ರಶ್ನೆ ಪಂಚಮದಲ್ಲಿ ತೂಗುತ್ತದೆ, ಉತ್ತರ ಷಡ್ಜಕ್ಕೆ ಬಂದು ಕೂರುತ್ತದೆ. ಕ್ಲಾಸಿಕಲ್ ಯುಗದ ವಾಕ್ಯರಚನೆ ಮೂಲತಃ ಇದೇ.

ಹೈಡನ್‌ನ 94ನೇ ಸಿಂಫನಿಯ ಎರಡನೇ ಭಾಗದಲ್ಲಿ ಇದನ್ನು ಬೆರಳಲ್ಲಿ ಎಣಿಸಬಹುದು. ಸಸ ಗಗ ಪಪ ಗಾ. ಮಮ ರಿರಿ ನಿನಿ ಪಾ. ಎಂಟು ಬಾರ್ ಮೆಲ್ಲಗೆ, ಅದೇ ಎಂಟು ಇನ್ನೂ ಮೆಲ್ಲಗೆ, 16ನೇ ಬಾರ್‌ನಲ್ಲಿ ಇಡೀ ಆರ್ಕೆಸ್ಟ್ರಾ ಧಡಾರ್ ಎನ್ನುತ್ತದೆ. 1792ರಲ್ಲಿ ಲಂಡನ್ನಿನಲ್ಲಿ ಮೊದಲು ನುಡಿಸಿದ ಈ ಸಿಂಫನಿಗೆ ‘ಸರ್‌ಪ್ರೈಸ್’ ಎಂಬ ಹೆಸರು ಬಂದದ್ದು ಆ ಒಂದು ಹೊಡೆತದಿಂದ. ಆದರೆ ಆ ತಮಾಷೆ ನಡೆಯಬೇಕಾದರೆ ಕೇಳುಗರಿಗೆ ವಾಕ್ಯ ಎಲ್ಲಿ ಮುಗಿಯುತ್ತದೆ ಎಂಬುದು ಮೊದಲೇ ಗೊತ್ತಿರಬೇಕು. ಎಂಟೆಂಟು ಬಾರ್‌ಗಳ ಲೆಕ್ಕ ಅಷ್ಟು ಕಿವಿಗೆ ಕೂತಿರುವ ಸಂಗೀತದಲ್ಲಿ ಮಾತ್ರ ಹೀಗೆ ಆಟವಾಡಬಹುದು.

ಈಗ ಎರಡು ಜಿ ಮೇಜರ್ ಕೃತಿಗಳನ್ನು ಬೆನ್ನುಬೆನ್ನಿಗೆ ಹಾಕಿ, ಎರಡೂ ತಂತಿವಾದ್ಯಗಳದ್ದೇ. ಮೊಜಾರ್ಟ್‌ನ ‘ಐನೆ ಕ್ಲೈನೆ ನಾಖ್ಟ್‌ಮುಸಿಕ್’, ಕೆ 525, 1787. ಎಲ್ಲರೂ ಒಂದೇ ಸಾಲು ಹಿಡಿದು: ಸಾ, ಪ ಸಾ, ಪ ಸ ಪ ಸ ಗ ಪಾ. ಎಲ್ಲರೂ ಒಟ್ಟಿಗೆ ಮೌನ. ಉತ್ತರ: ಮಾ, ರಿ ಮಾ, ರಿ ಮ ರಿ ನಿ ರಿ ಪಾ. ಮತ್ತೆ ಮೌನ. ಎರಡು ಬಾರ್ ಪ್ರಶ್ನೆ, ಎರಡು ಬಾರ್ ಉತ್ತರ. ಆಮೇಲೆ ಬಾಖ್‌ನ 3ನೇ ಬ್ರಾಂಡೆನ್‌ಬರ್ಗ್ ಕನ್ಚೆರ್ಟೊ, ಬಿಡಬ್ಲ್ಯುವಿ 1048. ಬ್ರಾಂಡೆನ್‌ಬರ್ಗ್‌ನ ಮಾರ್ಗ್ರೇವ್ ಪದವಿಯ ರಾಜವಂಶಸ್ಥನಿಗೆ 1721ರಲ್ಲಿ ಅರ್ಪಿಸಿದ ಆರರಲ್ಲಿ ಒಂದು. ಮೂರು ಪಿಟೀಲು, ಮೂರು ವಯೋಲಾ, ಮೂರು ಚೆಲ್ಲೋ, ಜೊತೆಗೆ ಕಂಟಿನ್ಯುವೋ. ಮೂರು ಸ್ವರದ ಪುಟ್ಟ ಮೊಳಕೆ, ಸೊಲ್ಲಿನಲ್ಲಿ ಹೇಳಿದರೆ ತಕದೀಂ, ತಕದೀಂ, ತಕದೀಂ. ಅಷ್ಟರಿಂದಲೇ 136 ಬಾರ್ ಬೆಳೆಯುತ್ತದೆ. ವಾಕ್ಯ ಮುಗಿಯಿತು ಎಂದು ನೀವು ಬೆರಳು ಮಡಿಸುವಷ್ಟರಲ್ಲಿ ಇನ್ನೊಬ್ಬರು ಅಲ್ಲಿಂದಲೇ ಎತ್ತಿಕೊಂಡಿರುತ್ತಾರೆ.

ಮಾಡಬೇಕಾದದ್ದು ಇಷ್ಟು: ಮೊದಲ ಒಂದೂವರೆ ನಿಮಿಷ ಕೇಳಿ, ಎಲ್ಲ ವಾದ್ಯಗಳೂ ಒಟ್ಟಿಗೆ ಉಸಿರು ತೆಗೆದುಕೊಂಡ ಹಾಗೆನಿಸಿದ ಕಡೆ ಕಾಗದದ ಮೇಲೆ ಒಂದು ಗೀಟು ಹಾಕಿ. ಕೆ 525ಕ್ಕೆ ಗೀಟುಗಳ ಸಾಲೇ ಬೀಳುತ್ತದೆ. ಬ್ರಾಂಡೆನ್‌ಬರ್ಗ್‌ಗೆ ಒಂದೆರಡು ಹಾಕುವುದೂ ಕಷ್ಟ.

ಇಲ್ಲಿ ಆಗುವ ತಪ್ಪು ಒಂದಿದೆ. ಬರೋಕ್‌ನ ನೃತ್ಯಗಳು, ಮಿನ್ಯುಯೆಟ್, ಗವೊಟ್ ಮುಂತಾದವು, ಕುಣಿಯುವವರ ಹೆಜ್ಜೆಗೆ ಹೊಂದಬೇಕಾದ್ದರಿಂದ ನಾಲ್ಕು-ನಾಲ್ಕು ಬಾರ್‌ಗಳಲ್ಲೇ ಅಚ್ಚುಕಟ್ಟಾಗಿ ಕೂತಿರುತ್ತವೆ. ಗೀಟು ಹಾಕಿ ನೋಡಿದರೆ ಕ್ಲಾಸಿಕಲ್ ಎನಿಸುತ್ತದೆ. ಮಿನ್ಯುಯೆಟ್ ಕೇಳಿಸಿದರೆ ಗೀಟು ನಂಬಬೇಡಿ, ಬೇಸ್‌ಗೆ ವಾಪಸ್ ಹೋಗಿ.

ಭಾವ ಒಂದೋ, ಹಲವೋ

ಬರೋಕ್ ಕೃತಿಯ ಒಂದು ಭಾಗ ಯಾವ ಭಾವದಲ್ಲಿ ಶುರುವಾಯಿತೋ ಬಹುತೇಕ ಅದರಲ್ಲೇ ಮುಗಿಯುತ್ತದೆ. ಉಲ್ಲಾಸವೆಂದರೆ ಕೊನೆಯವರೆಗೂ ಉಲ್ಲಾಸ, ಒಂದೇ ಲಯದ ಎಳೆ. ಕ್ಲಾಸಿಕಲ್‌ನಲ್ಲಿ ಒಂದೇ ಭಾಗದೊಳಗೆ ಪಾತ್ರಗಳು ಬದಲಾಗುತ್ತವೆ. ಮೊದಲು ಗಂಡುದನಿಯ ಘೋಷಣೆ, ಸ್ವಲ್ಪ ಹೊತ್ತಿಗೆ ಒಂದು ಮೆಲುಮಾತು, ಆಮೇಲೆ ಕಚಗುಳಿ. ನಾಟಕ ನೋಡಿದ ಹಾಗೆ.

ಈ ಬದಲಾವಣೆ ಶ್ರುತಿಯಲ್ಲೂ ಆಗುತ್ತದೆ, ಅದನ್ನು ಹಿಡಿಯಲು ನಮ್ಮ ಕೈಯಲ್ಲಿ ಒಳ್ಳೆಯ ಉಪಕರಣ ಇದೆ. ತಂಬೂರಿ ಆ್ಯಪನ್ನು ಸಿಗೆ, ಹಾರ್ಮೋನಿಯಂ ಲೆಕ್ಕದ ಬಿಳಿ ಒಂದಕ್ಕೆ, ಇಟ್ಟು ಸಣ್ಣ ದನಿಯಲ್ಲಿ ಬಿಡಿ. ಅದರ ಜೊತೆ ಕೆ 545ರ ಮೊದಲ ಭಾಗ ಹಾಕಿ. ಆರಂಭದಲ್ಲಿ ಎಲ್ಲವೂ ಶಂಕರಾಭರಣದ ಸ್ವರಗಳೇ, ತಂಬೂರಿಗೆ ಹೊಂದುತ್ತದೆ. 12ನೇ ಬಾರ್ ಹೊತ್ತಿಗೆ ಓಟ ನಿಂತು, ಎರಡನೇ ಹಾಡು ಶುರುವಾದಾಗ ಕಿವಿ ಚುರ್ ಎನ್ನುತ್ತದೆ: ಶುದ್ಧ ಮಧ್ಯಮದ ಜಾಗದಲ್ಲಿ ಪ್ರತಿ ಮಧ್ಯಮ ಬರುತ್ತಿದೆ, ಷಡ್ಜ ಮನೆಯಂತೆ ಕೇಳಿಸುತ್ತಿಲ್ಲ. ಪಂಚಮವೇ ಹೊಸ ಷಡ್ಜವಾಗಿದೆ. ಕೃತಿಯ ಮೊದಲ 28 ಬಾರ್ ಅಲ್ಲೇ, ಆ ಹೊಸ ಮನೆಯಲ್ಲೇ ಮುಗಿಯುತ್ತದೆ. ಆಮೇಲೆ ಅಲೆದಾಟ, ಕೊನೆಗೆ ಎರಡನೇ ಹಾಡೂ ಹಳೆಯ ಷಡ್ಜಕ್ಕೆ ಬಂದು ಸೇರುತ್ತದೆ. ಸೊನಾಟಾ ರೂಪ ಎಂದು ಪುಸ್ತಕದಲ್ಲಿ ಬರೆಯುವುದು ಈ ಮನೆ ಬಿಟ್ಟು ಹೋಗಿ ಮರಳಿ ಬರುವ ಕಥೆಯನ್ನೇ.

ಬಾಖ್‌ನ ಇನ್ವೆನ್ಷನ್ ಕೂಡ ಪಂಚಮಕ್ಕೆ ಹೋಗುತ್ತದೆ, 7ನೇ ಬಾರ್‌ಗೇ. ಹಾಗಾಗಿ ‘ಶ್ರುತಿ ಬದಲಾದರೆ ಕ್ಲಾಸಿಕಲ್’ ಎಂದುಕೊಳ್ಳಬೇಡಿ. ವ್ಯತ್ಯಾಸ ಹೋಗುವ ರೀತಿಯಲ್ಲಿ. ಬಾಖ್ ಅಲ್ಲಿಗೆ ತಲುಪಿದ ಕ್ಷಣವೇ ಎಡಗೈ ಅದೇ ಹಳೆಯ ಸ ರಿ ಗ ಮ ಮಾತನ್ನು ಹೊಸ ಜಾಗದಲ್ಲಿ ಎತ್ತುತ್ತದೆ, ಬಂದದ್ದೇ ಗೊತ್ತಾಗುವುದಿಲ್ಲ. ಮೊಜಾರ್ಟ್ ಬಾಗಿಲು ತಟ್ಟಿ, ನಿಂತು, ಹೊಸ ಬಟ್ಟೆ ತೊಟ್ಟು ಒಳಗೆ ಬರುತ್ತಾನೆ.

ಜೋರು, ಮೆದು

ಹಾರ್ಪ್ಸಿಕಾರ್ಡ್‌ನಲ್ಲಿ ಕೀಲಿ ಒತ್ತಿದರೆ ಪುಟ್ಟ ಕಡ್ಡಿ ತಂತಿಯನ್ನು ಮೀಟುತ್ತದೆ. ಮೆಲ್ಲಗೆ ಒತ್ತಿದರೂ ಗಟ್ಟಿಯಾಗಿ ಒತ್ತಿದರೂ ದನಿ ಒಂದೇ. ಪಿಯಾನೊದಲ್ಲಿ ಸುತ್ತಿಗೆ ಹೊಡೆಯುತ್ತದೆ, ಬೆರಳಿನ ಬಲ ದನಿಗೆ ಬರುತ್ತದೆ. ಫ್ಲಾರೆನ್ಸ್‌ನ ಕ್ರಿಸ್ಟೊಫೊರಿ ಅಂಥ ವಾದ್ಯವನ್ನು 1700ರ ಆಸುಪಾಸಿನಲ್ಲೇ ಮಾಡಿದ್ದ, ಎಲ್ಲರ ಕೈಗೆ ಬರಲು ಇನ್ನೂ ಹಲವು ದಶಕ ಬೇಕಾಯಿತು.

ವಿವಾಲ್ಡಿಯ ‘ಸ್ಪ್ರಿಂಗ್’, 1725ರಲ್ಲಿ ಅಚ್ಚಾದ ‘ಫೋರ್ ಸೀಸನ್ಸ್’ನ ಮೊದಲನೆಯದು: ಒಂದು ಸಾಲು ಜೋರಾಗಿ, ಅದೇ ಸಾಲು ಪ್ರತಿಧ್ವನಿಯ ಹಾಗೆ ಮೆದುವಾಗಿ. ಸ್ವಿಚ್ ಹಾಕಿ ತೆಗೆದಂತೆ. ಇನ್ನೊಂದು ಕಡೆ, 18ನೇ ಶತಮಾನದ ನಡುವಿನಲ್ಲಿ ಜರ್ಮನಿಯ ಮಾನ್‌ಹೈಮ್ ಆಸ್ಥಾನದ ಆರ್ಕೆಸ್ಟ್ರಾ, ಯೋಹಾನ್ ಸ್ಟಾಮಿಟ್ಸ್‌ನ ಕೈಯಲ್ಲಿ, ಇಡೀ ಗುಂಪಾಗಿ ಮೆಲುದನಿಯಿಂದ ಏರುತ್ತಾ ಹೋಗುವ ಕ್ರೆಷೆಂಡೊಗೆ ಹೆಸರಾಯಿತು. ಮೆಟ್ಟಿಲು ಬರೋಕ್, ಇಳಿಜಾರು ಕ್ಲಾಸಿಕಲ್ ಎನ್ನಬಹುದು. ಆದರೆ ಈ ಸುಳಿವಿಗೆ ಹೆಚ್ಚು ಬೆಲೆ ಕೊಡಬೇಡಿ. ಹಾಡುವವರು, ಪಿಟೀಲು ನುಡಿಸುವವರು ಬರೋಕ್ ಕಾಲದಲ್ಲೂ ದನಿ ಏರಿಸಿ ಇಳಿಸುತ್ತಿದ್ದರು, ಇಂದಿನ ಕಲಾವಿದರು ಇನ್ನೂ ಧಾರಾಳವಾಗಿ ಮಾಡುತ್ತಾರೆ. ನಿಮಗೆ ಕೇಳಿಸುವುದು ನುಡಿಸುವವರ ರುಚಿಯೂ ಆಗಿರಬಹುದು.

ವಾದ್ಯ ಯಾಕೆ ಕೊನೆಗೆ

ಹ್ಯಾಂಡೆಲ್‌ನ ‘ಮೆಸಾಯಾ’ ಎಂಬ ದೊಡ್ಡ ಗಾಯನ ಕೃತಿಯನ್ನು ಮೊದಲು ಹಾಡಿದ್ದು 1742ರಲ್ಲಿ, ಡಬ್ಲಿನ್‌ನಲ್ಲಿ. 1789ರಲ್ಲಿ ಮೊಜಾರ್ಟ್ ಅದಕ್ಕೆ ತನ್ನ ಕಾಲದ ಬಟ್ಟೆ ತೊಡಿಸಿದ: ಕೊಳಲು, ಕ್ಲಾರಿನೆಟ್, ಹಾರ್ನ್ ಸೇರಿಸಿದ, ಸಾಹಿತ್ಯ ಜರ್ಮನ್ ಆಯಿತು. ಪಟ್ಟಿಯಲ್ಲಿ ಅದು ಕೆ 572. ‘ಕತ್ತಲಲ್ಲಿ ನಡೆದ ಜನ’ ಎಂದು ಶುರುವಾಗುವ ಬಾಸ್ ಗಾಯಕನ, ಅಂದರೆ ಕೆಳದನಿಯ ಗಂಡುಗಾಯಕನ, ಹಾಡನ್ನು ಎರಡರಲ್ಲೂ ಕೇಳಿ. ಹ್ಯಾಂಡೆಲ್‌ನಲ್ಲಿ ಪಿಟೀಲು, ಬೇಸ್, ಗಾಯಕ ಎಲ್ಲರೂ ಬಹುಪಾಲು ಒಂದೇ ಸಾಲನ್ನು ತಡವುತ್ತಾ ಹೋಗುತ್ತಾರೆ, ಸುತ್ತ ಖಾಲಿ. ಕತ್ತಲೆಯೇ ಆ ಖಾಲಿ. ಮೊಜಾರ್ಟ್ ಆ ಖಾಲಿಯೊಳಗೆ ಊದುವ ವಾದ್ಯಗಳನ್ನು ತಂದು ಮೆಲ್ಲನೆ ಕಾರ್ಡ್‌ಗಳನ್ನು ತುಂಬುತ್ತಾನೆ. ಅದ್ಭುತವಾಗಿಯೇ ಇದೆ, ಆದರೂ ಹ್ಯಾಂಡೆಲ್‌ನ ಕತ್ತಲೆಯೇ ಹೆಚ್ಚು ಕಪ್ಪು. ನಮಗೆ ಬೇಕಾದ ಪಾಠ ಇದು: ಕ್ಲಾರಿನೆಟ್ ಕೇಳಿಸಿತು, ಕ್ಲಾಸಿಕಲ್ ಎಂದು ಬರೆದಿರಿ, ಆದರೆ ಕೆಳಗೆ ಸಾಲು ಹ್ಯಾಂಡೆಲ್‌ನದ್ದೇ ಇತ್ತು.

ಕ್ಲಾರಿನೆಟ್ ಆರ್ಕೆಸ್ಟ್ರಾಕ್ಕೆ ನೆಲೆಯಾಗಿ ಬಂದದ್ದು ಕ್ಲಾಸಿಕಲ್ ಯುಗದಲ್ಲಿ ಎಂಬುದು ನಿಜ. ಬರೋಕ್ ತುತ್ತೂರಿ ಕೀಲಿಯಿಲ್ಲದೆಯೇ ತೀರಾ ಎತ್ತರದ ಸ್ಥಾಯಿಯಲ್ಲಿ ಪಿಟೀಲಿನ ಜೊತೆ ಸ್ಪರ್ಧಿಸುತ್ತದೆ, ಕ್ಲಾಸಿಕಲ್ ತುತ್ತೂರಿ ಹೆಚ್ಚಾಗಿ ನಗಾರಿಯ ಜೊತೆ ನಿಂತು ಮುಖ್ಯ ಪೆಟ್ಟುಗಳಿಗೆ ಮೆರುಗು ಕೊಡುತ್ತದೆ. ಇವು ಸಾಕ್ಷಿಗಳೇ. ತೀರ್ಪು ಬೇಸ್‌ನದ್ದು.

ಎಡವುವ ಜಾಗಗಳು

ಫ್ಯೂಗ್, ಅಂದರೆ ಒಂದೇ ಸಾಲನ್ನು ದನಿಗಳು ಒಂದರ ಹಿಂದೊಂದು ಎತ್ತಿಕೊಂಡು ಹೆಣೆಯುವ ರಚನೆ, ಕೇಳಿಸಿತೆಂದು ಬರೋಕ್ ಅನ್ನಬೇಡಿ. ಮೊಜಾರ್ಟ್‌ನ 41ನೇ ಸಿಂಫನಿಯ ಕೊನೆಯ ಭಾಗ, ಕೆ 551, ಸ ರಿ ಮ ಗ ಎಂಬ ನಾಲ್ಕು ಉದ್ದ ಸ್ವರಗಳಿಂದ ಶುರುವಾಗಿ ಕೊನೆಯಲ್ಲಿ ಐದು ಎಳೆಗಳನ್ನು ಒಟ್ಟಿಗೆ ಹೆಣೆಯುತ್ತದೆ. ನಡುವಿನ ಅರ್ಧ ನಿಮಿಷ ಕತ್ತರಿಸಿ ಕೇಳಿಸಿದರೆ ಯಾರಾದರೂ ಬಾಖ್ ಎಂದಾರು. ಆದರೆ ಮೊದಲಿಂದ ಕೇಳಿ: ಆ ನಾಲ್ಕು ಸ್ವರ ಮೆಲ್ಲಗೆ ಬರುವಾಗ ಕೆಳಗೆ ಎರಡನೇ ಪಿಟೀಲು ಬರೀ ಮಿಡಿಯುತ್ತಿದೆ, ವಾಕ್ಯ ಮುಗಿಯುತ್ತದೆ, ಅದನ್ನೇ ಇಡೀ ಆರ್ಕೆಸ್ಟ್ರಾ ಜೋರಾಗಿ ಹೇಳುತ್ತದೆ.

ಬಾಖ್‌ನ ‘ವೆಲ್ ಟೆಂಪರ್ಡ್ ಕ್ಲಾವಿಯರ್’ನ ಮೊದಲ ಪ್ರಿಲ್ಯೂಡ್, 1722ರದ್ದು, ಇನ್ನೊಂದು ಬಲೆ. ಒಂದು ಬಾರ್‌ಗೆ ಒಂದು ಕಾರ್ಡ್, ಒಡೆದ ಸ್ವರಗಳು. ಆಲ್ಬರ್ಟಿಯ ಅಣ್ಣನಂತೆ ಕೇಳಿಸುತ್ತದೆ. ವ್ಯತ್ಯಾಸ: ಮೇಲೆ ಹಾಡುವವರೇ ಇಲ್ಲ. 35 ಬಾರ್‌ಗಳಲ್ಲಿ ಕೊನೆಯ ಕೆಲವನ್ನು ಬಿಟ್ಟರೆ ಆ ಒಂದೇ ವಿನ್ಯಾಸ, ಒಂದೇ ಭಾವ, ಒಂದು ಉಸಿರೂ ಇಲ್ಲ.

ಇನ್ನು 1730ರಿಂದ 1770ರವರೆಗಿನದ್ದು ಎರಡೂ ಕಡೆಯ ಗಡಿನಾಡು. ಪೆರ್ಗೊಲೇಸಿಯ ಹಾಸ್ಯ ಒಪೆರಾ ‘ಲಾ ಸೆರ್ವಾ ಪದ್ರೋನಾ’ 1733ರದ್ದು, ಬಾಖ್ ಇನ್ನೂ ಕೆಲಸದಲ್ಲಿದ್ದ ಕಾಲ, ಆದರೆ ಅದರ ಚುರುಕು ಸಾಲುಗಳಲ್ಲಿ ಬರಲಿರುವ ಕಾಲದ ಧಾಟಿ ಆಗಲೇ ಇದೆ. ಡೊಮೆನಿಕೊ ಸ್ಕಾರ್ಲಾಟಿ ಬಾಖ್ ಹುಟ್ಟಿದ 1685ರಲ್ಲೇ ಹುಟ್ಟಿದವನು. ಅವನ 555 ಸೊನಾಟಾಗಳಲ್ಲಿ ಎಷ್ಟೋ ತುಂಡು ತುಂಡು ವಾಕ್ಯಗಳಲ್ಲಿ, ಹಠಾತ್ ಮೌನಗಳಲ್ಲಿ ಮಾತಾಡುತ್ತವೆ. ಬಾಖ್‌ನ ಮಕ್ಕಳಾದ ಕಾರ್ಲ್ ಫಿಲಿಪ್ ಇಮ್ಯಾನುಯೆಲ್, ಯೋಹಾನ್ ಕ್ರಿಶ್ಚಿಯನ್ ಅಪ್ಪನ ಹಾದಿ ಬಿಟ್ಟು ನಡೆದವರು. ಲಂಡನ್ನಿನಲ್ಲಿ ಬಾಲಕ ಮೊಜಾರ್ಟ್‌ಗೆ ಸಿಕ್ಕ ಬಾಖ್ ಈ ಯೋಹಾನ್ ಕ್ರಿಶ್ಚಿಯನ್. ಇತ್ತ ಹೈಡನ್‌ನ 6, 7, 8ನೇ ಸಿಂಫನಿಗಳಲ್ಲಿ, 1761ರವು, ಒಬ್ಬೊಬ್ಬ ವಾದಕನೂ ಮುಂದೆ ಬಂದು ಬರೋಕ್ ಕನ್ಚೆರ್ಟೊದ ಹಾಗೆ ಮೆರೆಯುತ್ತಾನೆ. ಇಂಥವು ಬಂದಾಗ ‘ನಡುವಿನದು’ ಎಂದು ಬರೆದು, ಯಾವ ಸುಳಿವು ಯಾವ ಕಡೆ ಎಳೆಯಿತು ಎಂದು ಪಕ್ಕದಲ್ಲಿ ಬರೆಯಿರಿ. ಅದೇ ಸರಿಯುತ್ತರ.

ಅಂಕಪಟ್ಟಿ

ಕಾಗದದ ಮೇಲೆ ಎರಡು ಕಂಬ ಎಳೆಯಿರಿ. ಬೇಸ್‌ಗೆ 4 ಅಂಕ, ವಾಕ್ಯಕ್ಕೆ 3, ಭಾವಕ್ಕೆ 2, ಜೋರು-ಮೆದುವಿಗೆ 1. ವಾದ್ಯಕ್ಕೆ ಮೊದಲ ಒಂದು ತಿಂಗಳು ಸೊನ್ನೆ. ಒಂದು ಕಡೆ 7 ಅಥವಾ ಹೆಚ್ಚು ಬಂದರೆ ಧೈರ್ಯವಾಗಿ ಹೇಳಿ, 4ರಿಂದ 6 ಬಂದರೆ ಗಡಿನಾಡು.

ದಿನಕ್ಕೆ 20 ನಿಮಿಷ ಸಾಕು. ಮೊದಲ ವಾರ ಬೇಸ್ ಒಂದೇ. ಎರಡನೇ ವಾರ ಮೇಲಿನ ಎರಡು ಜೋಡಿಗಳು. ಮೂರನೇ ವಾರ ಮನೆಯವರ ಕೈಗೆ ಫೋನ್ ಕೊಟ್ಟು, ಪರದೆ ನೋಡದೆ ಕೂತುಕೊಳ್ಳಿ. ಅವರು ತಮಗಿಷ್ಟ ಬಂದ ಕಡೆಯಿಂದ ಒಂದೂವರೆ ನಿಮಿಷ ಹಾಕಲಿ. ಶುರುವಿನಿಂದಲೇ ಹಾಕಿದರೆ ಮೂರನೇ ಸಲಕ್ಕೆ ಹಾಡೇ ಗುರುತು ಸಿಕ್ಕಿ ಅಭ್ಯಾಸ ಕೆಡುತ್ತದೆ. ಹತ್ತರಲ್ಲಿ ಏಳು ಸರಿಯಾದ ದಿನ ಸ್ಕಾರ್ಲಾಟಿಯನ್ನು ಪಟ್ಟಿಗೆ ಸೇರಿಸಲು ಹೇಳಿ. ಅಂಕ ಇಳಿಯುತ್ತದೆ, ಇಳಿಯಲಿ.